ಅರಬ್ ನಾಡುಗಳಲ್ಲಿ ಅರಬ್ಬಿ ಕಲಿಕೆ

ಅರಬ್ಬಿ ಮನೆಮಾತಲ್ಲದ ವಿಶ್ವವಿದ್ಯಾಲಯ ವಿದ್ಯಾರ್ಥಿಗಳು ಪದವಿಯ ಭಾಗವಾಗಿಯೋ ಪದವಿ ಮುಗಿದ ಮೇಲೋ ಅರಬ್ ದೇಶವೊಂದರಲ್ಲಿ ನೆಲೆಸಿ ಆ ಭಾಷೆಯನ್ನು ಕಲಿಯುವ ಪದ್ಧತಿ. ವಾಸದ ಅವಧಿ ಒಂದು ಬೇಸಿಗೆಯಿಂದ ಹಿಡಿದು ನಾಲ್ಕೈದು ವರ್ಷಗಳವರೆಗೂ ಇರಬಹುದು. ಕೈರೋ, ಅಮ್ಮಾನ್, ಫೆಸ್, ಟ್ಯೂನಿಸ್, ಮದೀನಾ ಇಂದಿನ ಮುಖ್ಯ ಕೇಂದ್ರಗಳು. 2011ರವರೆಗೆ ಡಮಾಸ್ಕಸ್ ಈ ಪಟ್ಟಿಯ ಮೊದಲ ಸಾಲಿನಲ್ಲಿತ್ತು. ಹೀಗೆ ಹೋಗುವವರಲ್ಲಿ ಧರ್ಮಶಾಸ್ತ್ರ ಓದುವ ಇಂಡೋನೇಷ್ಯಾದ ಯುವಕರಿದ್ದಾರೆ, ರಾಜತಾಂತ್ರಿಕ ಹುದ್ದೆಗೆ ತಯಾರಾಗುವ ಯುರೋಪಿನವರಿದ್ದಾರೆ, ಇತಿಹಾಸ ಮತ್ತು ಮಾನವಶಾಸ್ತ್ರದ ಸಂಶೋಧಕರಿದ್ದಾರೆ, ಕೇರಳ ಮತ್ತು ಕರ್ನಾಟಕದ ಕರಾವಳಿಯಿಂದ ಹೊರಟವರೂ ಇದ್ದಾರೆ. ಇವರ ಉದ್ದೇಶಗಳು ಬೇರೆಬೇರೆಯಾದರೂ ಅಲ್ಲಿ ಇಳಿದ ಮೊದಲ ವಾರದಲ್ಲಿ ಎದುರಾಗುವ ತೊಡಕು ಒಂದೇ. ತಾವು ಓದಿ ಕಲಿತ ಅರಬ್ಬಿ ಬೀದಿಯಲ್ಲಿ ಯಾರ ಬಾಯಲ್ಲೂ ಇಲ್ಲ.

ಬರೆಯುವ ಅರಬ್ಬಿ, ಆಡುವ ಅರಬ್ಬಿ

ಅರಬ್ಬಿಯ ಬರಹದ ರೂಪಕ್ಕೆ ಫುಸ್‌ಹಾ ಎಂದು ಹೆಸರು. ಕುರಾನ್, ಹಳೆಯ ಕಾವ್ಯ, ಇಂದಿನ ಪತ್ರಿಕೆ, ಕಾದಂಬರಿಯ ನಿರೂಪಣೆ, ಸುದ್ದಿವಾಚನ, ಸರಕಾರಿ ಆದೇಶ ಎಲ್ಲವೂ ಇದರಲ್ಲೇ ಇವೆ. ಮೊರಾಕೊದ ಪತ್ರಿಕೆಯನ್ನು ಒಮಾನಿನವರು ಸಲೀಸಾಗಿ ಓದುವುದು ಇದರಿಂದಲೇ. ಆದರೆ ತಾಯಿಯ ಮಡಿಲಲ್ಲಿ ಈ ರೂಪವನ್ನು ಕಲಿತ ಮಗು ಎಲ್ಲೂ ಇಲ್ಲ. ಮನೆ, ಸಂತೆ, ಬಸ್ಸು, ಜಗಳ, ಪ್ರೀತಿ ನಡೆಯುವುದು ಆಮ್ಮಿಯ್ಯಾ ಎಂದು ಕರೆಯುವ ಆಡುಮಾತಿನಲ್ಲಿ. ಅದು ದೇಶದಿಂದ ದೇಶಕ್ಕೆ, ಒಂದೇ ದೇಶದೊಳಗೆ ನಗರದಿಂದ ಹಳ್ಳಿಗೆ ಬದಲಾಗುತ್ತದೆ. ‘ಈಗ’ ಎಂಬ ಒಂದು ಮಾತನ್ನೇ ತೆಗೆದುಕೊಂಡರೆ ಪುಸ್ತಕದಲ್ಲಿ ಅದು ‘ಅಲ್‌ಆನ್’. ಕೈರೋದಲ್ಲಿ ‘ದಿಲ್ವಅತಿ’, ಡಮಾಸ್ಕಸ್ಸಿನಲ್ಲಿ ‘ಹಲ್ಲಅ’, ಮೊರಾಕೊದಲ್ಲಿ ‘ದಾಬಾ’, ಕೊಲ್ಲಿ ದೇಶಗಳಲ್ಲಿ ‘ಅಲ್‌ಹೀನ್’. ಉಚ್ಚಾರವೂ ಹಾಗೆಯೇ. ಬರಹದ ‘ಜ’ಕಾರ ಕೈರೋದ ಬಾಯಲ್ಲಿ ‘ಗ’ಕಾರವಾಗಿ ಜಮಾಲ್ ಗಮಾಲ್ ಆಗುತ್ತಾನೆ. ಗಂಟಲ ಆಳದಿಂದ ಬರಬೇಕಾದ ‘ಖಾಫ್’ ಎಂಬ ಅಕ್ಷರ ಕೈರೋ ಮತ್ತು ಡಮಾಸ್ಕಸ್ಸಿನಲ್ಲಿ ಬರಿಯ ಉಸಿರುತಡೆಯಾಗಿ ಉಳಿಯುತ್ತದೆ. ಬೆದುವಿನರ ಮಾತಿನಲ್ಲಿ ಅದೇ ‘ಗ’ಕಾರ.

ಪತ್ರಿಕೆಯ ಕನ್ನಡಕ್ಕೂ ಕುಂದಾಪುರದ ಮನೆಮಾತಿಗೂ ಇರುವ ಅಂತರವನ್ನು ಬಲ್ಲ ಕನ್ನಡಿಗರಿಗೆ ಇದು ತೀರಾ ಹೊಸದೆನಿಸದು. ಅರಬ್ಬಿಯಲ್ಲಿ ಆ ಅಂತರ ಇನ್ನೂ ದೊಡ್ಡದು. ವ್ಯಾಕರಣದ ವಿಭಕ್ತಿ ಪ್ರತ್ಯಯಗಳೇ ಆಡುಮಾತಿನಲ್ಲಿ ಉದುರಿಹೋಗಿವೆ. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗುಸನ್ 1959ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಒಂದೇ ಸಮಾಜದಲ್ಲಿ ಹೀಗೆ ಎರಡು ಸ್ತರಗಳಲ್ಲಿ ಬಾಳುವ ಭಾಷೆಗಳನ್ನು ವಿವರಿಸುವಾಗ ಆರಿಸಿಕೊಂಡ ನಾಲ್ಕು ಉದಾಹರಣೆಗಳಲ್ಲಿ ಅರಬ್ಬಿ ಒಂದು. ಗ್ರೀಕ್, ಹೈಟಿಯ ಕ್ರಿಯೋಲ್ ಮತ್ತು ಸ್ವಿಸ್ ಜರ್ಮನ್ ಉಳಿದ ಮೂರು. ಕೈರೋದ ವಿದ್ವಾಂಸ ಎಲ್‌-ಸಯೀದ್ ಬದವಿ 1973ರಲ್ಲಿ ಇದನ್ನು ಇನ್ನಷ್ಟು ಬಿಡಿಸಿದರು. ಈಜಿಪ್ಟಿನಲ್ಲಿ ಇರುವುದು ಎರಡಲ್ಲ, ಐದು ಸ್ತರ ಎಂದರು. ಪ್ರಾಚೀನ ಗ್ರಂಥಗಳ ಫುಸ್‌ಹಾ ಒಂದು ತುದಿಗೆ, ಅನಕ್ಷರಸ್ಥರ ಆಡುಮಾತು ಇನ್ನೊಂದು ತುದಿಗೆ. ನಡುವಿನ ಸ್ತರಗಳಲ್ಲಿ ವಿದ್ಯಾವಂತರು ಸಂದರ್ಭ ನೋಡಿ ಮೇಲೆ ಕೆಳಗೆ ಆಡುತ್ತಿರುತ್ತಾರೆ. ಟಿ.ವಿ. ಚರ್ಚೆಯೊಂದರಲ್ಲಿ ಒಬ್ಬನೇ ವ್ಯಕ್ತಿ ಒಂದೇ ವಾಕ್ಯದಲ್ಲಿ ಎರಡು ಮೂರು ಸ್ತರಗಳನ್ನು ದಾಟುವುದುಂಟು. ಈ ಏರಿಳಿತವನ್ನು ಕಿವಿ ಹಿಡಿಯಬೇಕಾದರೆ ಆಡುವವರ ನಡುವೆಯೇ ಇರಬೇಕು. ಅರಬ್ ನಾಡಿಗೆ ಹೋಗಿ ಕಲಿಯುವುದರ ನಿಜವಾದ ಸಮರ್ಥನೆ ಇದು. ಫುಸ್‌ಹಾವನ್ನು ಹೈದರಾಬಾದಿನಲ್ಲೋ ಲೈಡನ್ನಿನಲ್ಲೋ ಚೆನ್ನಾಗಿಯೇ ಕಲಿಯಬಹುದು. ಉಳಿದ ಅರ್ಧ ಅಲ್ಲೇ ಸಿಗಬೇಕು.

ಮಂಗಳೂರಿನ ಬೊಮ್ಮ ಮತ್ತು ಈಜಿಪ್ಟಿನ ಹಳ್ಳಿ

ಆ ಉಳಿದ ಅರ್ಧದ ಬೆಲೆಯನ್ನು ತೋರಿಸುವ ಒಳ್ಳೆಯ ಉದಾಹರಣೆ ಕರ್ನಾಟಕದ ಕರಾವಳಿಗೇ ಸೇರಿದೆ. ಅಮಿತಾವ್ ಘೋಷ್ ಆಕ್ಸ್‌ಫರ್ಡ್‌ನಲ್ಲಿ ಮಾನವಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ, 1978ರಲ್ಲಿ, ಮಧ್ಯಯುಗದ ಯಹೂದಿ ವರ್ತಕರ ಪತ್ರಗಳನ್ನು ಎಸ್.ಡಿ. ಗೋಯಿಟೈನ್ ಅನುವಾದಿಸಿದ್ದ ಸಂಪುಟವೊಂದು ಅವರ ಕೈಗೆ ಬಂತು. ಅದರಲ್ಲಿ ಏಡನ್ನಿನ ವರ್ತಕನೊಬ್ಬ ಮಂಗಳೂರಿನಲ್ಲಿದ್ದ ಅಬ್ರಹಾಂ ಬೆನ್ ಯಿಜು ಎಂಬವನಿಗೆ ಬರೆದ ಕಾಗದವಿತ್ತು, ಕೊನೆಗೆ ಬೆನ್ ಯಿಜುವಿನ ದಾಸನಿಗೂ ಒಂದು ನಮಸ್ಕಾರವಿತ್ತು. ಟುನೀಶಿಯಾ ಮೂಲದ ಬೆನ್ ಯಿಜು 1132ರ ಸುಮಾರಿನಿಂದ 1149ರವರೆಗೆ ಮಲಬಾರ್ ಮತ್ತು ತುಳುನಾಡಿನ ತೀರದಲ್ಲಿ ವ್ಯಾಪಾರ ಮಾಡಿಕೊಂಡಿದ್ದವನು. ಅವನ ಕಾಗದಪತ್ರಗಳು ಹಳೆಯ ಕೈರೋದ ಬೆನ್ ಎಜ್ರಾ ಯಹೂದಿ ಮಂದಿರದ ಗೆನಿಜಾ ಎಂಬ ಕೋಣೆಯಲ್ಲಿ ಉಳಿದಿದ್ದವು. ಲಿಪಿ ಹೀಬ್ರೂ, ಭಾಷೆ ಅರಬ್ಬಿ.

ಘೋಷ್ ಅರಬ್ಬಿ ಕಲಿಯಲು ಟುನೀಶಿಯಾಕ್ಕೆ ಹೋದರು. 1980ರಲ್ಲಿ ಕ್ಷೇತ್ರಕಾರ್ಯಕ್ಕೆಂದು ಈಜಿಪ್ಟಿನ ಬುಹೈರಾ ಪ್ರಾಂತದ ಹಳ್ಳಿಯೊಂದರಲ್ಲಿ ನೆಲೆಸಿದರು. ಅಲ್ಲಿನ ರೈತರ ಮಾತು ನಗರದವರ ಕಿವಿಗೆ ಒರಟು, ವಿಶ್ವವಿದ್ಯಾಲಯದ ಪಠ್ಯದಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ವರ್ಷಗಳ ನಂತರ ಗೆನಿಜಾ ಪತ್ರಗಳ ಮೂಲವನ್ನು ಓದಲು ಕುಳಿತಾಗ ಹನ್ನೆರಡನೆಯ ಶತಮಾನದ ವರ್ತಕರು ಬರೆದದ್ದು ಪಂಡಿತರ ಫುಸ್‌ಹಾ ಅಲ್ಲ, ತಾವು ಹಳ್ಳಿಯಲ್ಲಿ ಕಲಿತದ್ದಕ್ಕೆ ಹತ್ತಿರದ ಆಡುಮಾತು ಎಂಬುದು ಅವರಿಗೆ ಕಂಡಿತು. ದಾಸನ ಹೆಸರಿನ ವ್ಯಂಜನಗಳು ಮಾತ್ರ ಪತ್ರಗಳಲ್ಲಿದ್ದವು. ಅದು ‘ಬೊಮ್ಮ’ ಇರಬೇಕೆಂದು ಗುರುತಿಸುವಲ್ಲಿ ಮಂಗಳೂರಿನ ವಿದ್ವಾಂಸ ಬಿ.ಎ. ವಿವೇಕ ರೈ ನೆರವಾದರು. 1992ರಲ್ಲಿ ಪ್ರಕಟವಾದ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಈ ಎರಡು ಕಥೆಗಳನ್ನೂ ಒಟ್ಟಿಗೆ ಹೇಳುತ್ತದೆ. ತುಳುನಾಡಿನ ಇತಿಹಾಸದ ಒಂದು ಪುಟ ಹೀಗೆ ನೈಲ್ ನದಿಯ ಹಳ್ಳಿಯೊಂದರ ಜಗುಲಿಯಲ್ಲಿ ಕಲಿತ ಮಾತಿನಿಂದ ತೆರೆಯಿತು. ಕರ್ನಾಟಕದ ಇತಿಹಾಸ ವಿದ್ಯಾರ್ಥಿಗಳು ಅರಬ್ಬಿ ಕಲಿಯಲು ಇದಕ್ಕಿಂತ ಬಲವಾದ ಕಾರಣವನ್ನು ಹುಡುಕಬೇಕಾಗಿಲ್ಲ.

ಹಿನ್ನೆಲೆ

ಯುರೋಪಿನವರಲ್ಲಿ ಮೊದಲು ಹೋದವರು ವ್ಯಾಪಾರಿಗಳ ಮತ್ತು ರಾಯಭಾರಿಗಳ ಜೊತೆಗೆ ಹೋದರು. ಲೈಡನ್ನಿನ ಯಾಕೋಬ್ ಗೋಲಿಯಸ್ 1620ರ ದಶಕದಲ್ಲಿ ಮೊರಾಕೊ ಮತ್ತು ಅಲೆಪ್ಪೊಗಳಲ್ಲಿದ್ದು ಹಸ್ತಪ್ರತಿಗಳನ್ನು ತಂದರು. ಅಲೆಪ್ಪೊದ ಇಂಗ್ಲಿಷ್ ವರ್ತಕರಿಗೆ ಪಾದ್ರಿಯಾಗಿ ಹೋಗಿದ್ದ ಎಡ್ವರ್ಡ್ ಪೊಕಾಕ್ 1636ರಲ್ಲಿ ಆಕ್ಸ್‌ಫರ್ಡಿನ ಮೊದಲ ಅರಬ್ಬಿ ಪ್ರಾಧ್ಯಾಪಕರಾದರು. ಹಂಗರಿಯ ಯಹೂದಿ ವಿದ್ವಾಂಸ ಇಗ್ನಾಜ್ ಗೋಲ್ಡ್‌ಜಿಹರ್ ಅವರದು ಬೇರೆಯೇ ರೀತಿ. 1873-74ರಲ್ಲಿ ಅವರು ಕೈರೋದ ಅಲ್ ಅಜ್ಹರ್‌ನಲ್ಲಿ ಮುಸ್ಲಿಮೇತರರಾಗಿದ್ದೂ ಅನುಮತಿ ಪಡೆದು ವಿದ್ಯಾರ್ಥಿಯಾಗಿ ಕುಳಿತರು. ಇಸ್ಲಾಂ ಅಧ್ಯಯನದ ಆಧುನಿಕ ಶಿಸ್ತಿಗೆ ಬುನಾದಿ ಹಾಕಿದವರಲ್ಲಿ ಅವರೂ ಒಬ್ಬರು. ಅಲ್ಲಿನ ಶೇಖ್‌ಗಳ ಎದುರು ಕುಳಿತು ಕಲಿತ ಆ ಕಾಲವನ್ನು ಅವರು ಜೀವನವಿಡೀ ಪ್ರೀತಿಯಿಂದ ನೆನೆದರು.

ಆದರೆ ಪಾಶ್ಚಾತ್ಯರಿಂದಲೇ ಈ ಇತಿಹಾಸ ಶುರುವಾಯಿತೆಂದು ಬರೆಯುವುದು ತಪ್ಪು. ಹತ್ತನೆಯ ಶತಮಾನದಲ್ಲಿ ಹುಟ್ಟಿದ ಅಲ್ ಅಜ್ಹರ್‌ನಲ್ಲಿ ಊರೂರುಗಳಿಂದ ಬಂದವರಿಗೆ ‘ರಿವಾಕ್’ ಎಂಬ ಪ್ರತ್ಯೇಕ ಮೊಗಸಾಲೆಗಳಿದ್ದವು. ಸಿರಿಯನ್ನರದು, ಮಗ್ರಿಬಿಗಳದು, ತುರ್ಕರದು, ಜಾವಾದವರದು, ಹಿಂದುಸ್ತಾನದವರದು ಹೀಗೆ. ಊಟ, ವಸತಿ, ಸಣ್ಣ ವಿದ್ಯಾರ್ಥಿವೇತನ ಆ ಮೊಗಸಾಲೆಯ ವಕ್ಫ್ ಆಸ್ತಿಯಿಂದ ಬರುತ್ತಿತ್ತು. ಕೈರೋದಲ್ಲಿ ಇಂದಿಗೂ ವಿದೇಶಿ ವಿದ್ಯಾರ್ಥಿಗಳಿಗೆಂದೇ ಅಜ್ಹರ್‌ನ ದೊಡ್ಡ ವಸತಿ ಸಂಕೀರ್ಣವಿದೆ. 1931ರಲ್ಲಿ ಚೀನಾದಿಂದ ಬಂದ ತಂಡದಲ್ಲಿದ್ದ ಮಾ ಜಿಯಾನ್ 1939ರವರೆಗೆ ಕೈರೋದಲ್ಲಿ ಓದಿದರು, ಕನ್ಫ್ಯೂಷಿಯಸನ ಸಂವಾದಗಳನ್ನು ಅರಬ್ಬಿಗೂ ಕುರಾನನ್ನು ಚೀನೀ ಭಾಷೆಗೂ ತಂದರು, 1946ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಅರಬ್ಬಿ ಬೋಧನೆಗೆ ಅಡಿಪಾಯ ಹಾಕಿದರು. ಮುಂದೆ ಇಂಡೋನೇಷ್ಯಾದ ರಾಷ್ಟ್ರಾಧ್ಯಕ್ಷರಾದ ಅಬ್ದುರ್ರಹ್ಮಾನ್ ವಾಹಿದ್ 1963ರಲ್ಲಿ ಅಲ್ಲಿಗೆ ಬಂದಾಗ ಅರಬ್ಬಿ ಚೆನ್ನಾಗಿಯೇ ಬರುತ್ತಿತ್ತು, ಅದಕ್ಕೆ ಪ್ರಮಾಣಪತ್ರ ಮಾತ್ರ ಇರಲಿಲ್ಲ. ಪೂರ್ವಸಿದ್ಧತೆಯ ತರಗತಿಗೆ ಕೂರಿಸಿದರು. ಬೇಸತ್ತ ಅವರು ಸಿನಿಮಾ, ಗ್ರಂಥಾಲಯ, ಕೈರೋದ ಕಾಫಿಮನೆಗಳಲ್ಲಿ ಕಲಿತು, ನಂತರ ಬಾಗ್ದಾದ್ ವಿಶ್ವವಿದ್ಯಾಲಯಕ್ಕೆ ಹೋದರು.

ಎರಡನೆಯ ಮಹಾಯುದ್ಧದ ನಂತರದ ಕತೆಯಲ್ಲಿ ಸರಕಾರಗಳ ಕೈ ದೊಡ್ಡದು. ಬ್ರಿಟನ್ 1944ರಲ್ಲಿ ಜೆರುಸಲೇಮಿನಲ್ಲಿ ಆರಂಭಿಸಿದ ಅರಬ್ಬಿ ತರಬೇತಿ ಕೇಂದ್ರ 1947ರಲ್ಲಿ ಲೆಬನಾನಿನ ಶೆಮ್ಲಾನ್ ಎಂಬ ಬೆಟ್ಟದ ಹಳ್ಳಿಗೆ ಬಂತು. ರಾಜತಾಂತ್ರಿಕರೂ ತೈಲ ಕಂಪನಿಗಳ ನೌಕರರೂ ಅಲ್ಲಿ ಕಲಿತರು. ಸೋವಿಯತ್ ಗೂಢಚಾರನಾಗಿದ್ದ ಬ್ರಿಟಿಷ್ ಅಧಿಕಾರಿ ಜಾರ್ಜ್ ಬ್ಲೇಕ್ 1961ರಲ್ಲಿ ಸಿಕ್ಕಿಬಿದ್ದದ್ದು ಅಲ್ಲಿ ಅರಬ್ಬಿ ಕಲಿಯುತ್ತಿದ್ದಾಗಲೇ. ಅದಕ್ಕೂ ಮೊದಲೇ ಸುತ್ತಲಿನ ಜನ ಆ ಶಾಲೆಯನ್ನು ಗೂಢಚಾರರ ಶಾಲೆ ಎನ್ನುತ್ತಿದ್ದರು. ಲೆಬನಾನಿನ ಅಂತರ್ಯುದ್ಧದ ನಡುವೆ 1978ರಲ್ಲಿ ಅದು ಮುಚ್ಚಿತು. ಅರಬ್ಬಿ ಕಲಿಯಲು ಬಂದ ಪರದೇಶಿಯ ಮೇಲೆ ಬೀಳುವ ಸಂಶಯದ ದೃಷ್ಟಿಗೆ ಇಂಥ ಹಿನ್ನೆಲೆಯಿದೆ. ಅದನ್ನು ತಿಳಿದು ಹೋಗುವುದು ಒಳ್ಳೆಯದು.

ಅಮೆರಿಕದ ವಿಶ್ವವಿದ್ಯಾಲಯಗಳು ಸೇರಿ 1967ರಲ್ಲಿ ಆರಂಭಿಸಿದ ‘ಕಾಸಾ’ ಕಾರ್ಯಕ್ರಮ ಕೈರೋದ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ನೆಲೆಯೂರಿತು. ಹಲವು ವರ್ಷ ಅರಬ್ಬಿ ಓದಿದವರನ್ನೇ ಆರಿಸಿ ಇಡೀ ವರ್ಷ ಅದರಲ್ಲೇ ಮುಳುಗಿಸುವ ಈ ಕಾರ್ಯಕ್ರಮದಿಂದ ಅಮೆರಿಕದ ಬಹಳಷ್ಟು ಅರಬ್ಬಿ ಪ್ರಾಧ್ಯಾಪಕರು ಹೊರಬಂದಿದ್ದಾರೆ. ಟ್ಯೂನಿಸಿನ ಬುರ್ಗೀಬಾ ಭಾಷಾ ಸಂಸ್ಥೆಯ ಬೇಸಿಗೆ ತರಗತಿಗಳು ಕಡಿಮೆ ಖರ್ಚಿಗೆ ಹೆಸರಾದವು. ಅರಬ್ ಲೀಗಿನ ಶಿಕ್ಷಣ ಸಂಸ್ಥೆ 1974ರಲ್ಲಿ ಖಾರ್ಟೂಮಿನಲ್ಲಿ, ವಿದೇಶಿಯರಿಗೆ ಅರಬ್ಬಿ ಕಲಿಸುವ ಶಿಕ್ಷಕರನ್ನು ತಯಾರುಮಾಡುವ ಸಂಸ್ಥೆ ಕಟ್ಟಿತು. 2001ರ ಸೆಪ್ಟೆಂಬರ್ ದಾಳಿಯ ನಂತರ ಬೇಡಿಕೆ ಏಕಾಏಕಿ ಏರಿತು. ಅಮೆರಿಕದ ಕಾಲೇಜುಗಳಲ್ಲಿ ಅರಬ್ಬಿ ತರಗತಿಗೆ ಸೇರಿದವರು 2002ರಲ್ಲಿ ಸುಮಾರು 10,500 ಇದ್ದದ್ದು 2009ಕ್ಕೆ ಸುಮಾರು 35,000 ಆಯಿತು. ಈ ಏರಿಕೆಯ ಹಿಂದಿದ್ದದ್ದು ಭಯದಿಂದ ಹುಟ್ಟಿದ ಹಣ. ಆದರೂ ಆ ಹಣದಲ್ಲಿ ಹೋದ ಎಷ್ಟೋ ಯುವಜನರು ಅರಬ್ ಸಾಹಿತ್ಯದ ಅನುವಾದಕರಾಗಿ ಹಿಂದಿರುಗಿದರು.

ಊರುಗಳ ಏಳುಬೀಳು

ಕಲಿಯುವವರ ನಕ್ಷೆ ಯುದ್ಧದೊಂದಿಗೆ ಬದಲಾಗುತ್ತದೆ. 1975ರ ನಂತರ ಬೈರೂತ್ ಕೈತಪ್ಪಿತು. 2011ಕ್ಕೆ ಮುಂಚೆ ಡಮಾಸ್ಕಸ್ ಎಲ್ಲರ ಮೆಚ್ಚಿನ ಊರು. ಬಾಡಿಗೆ ಅಗ್ಗ, ಇಂಗ್ಲಿಷ್ ಆಡುವವರು ಕಡಿಮೆ, ಫುಸ್‌ಹಾ ಬಗ್ಗೆ ಜನರಿಗೆ ಹೆಮ್ಮೆ, ವೈದ್ಯಕೀಯ ಶಿಕ್ಷಣವೂ ಅರಬ್ಬಿಯಲ್ಲೇ ನಡೆಯುವ ದೇಶ. ಹಳೆಯ ಪಟ್ಟಣದ ಅಂಗಳದ ಮನೆಗಳಲ್ಲಿ ಕೋಣೆ ಹಿಡಿದು ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಭಾಷಾ ಸಂಸ್ಥೆಗೋ ಫ್ರೆಂಚ್ ಸಂಸ್ಥೆಗೋ ಹೋಗುತ್ತಿದ್ದರು. ಅಂತರ್ಯುದ್ಧ ಅದನ್ನೆಲ್ಲ ನಿಲ್ಲಿಸಿತು. ಕಲಿಯುವವರು ಬೇರೆ ಊರು ಹುಡುಕಿಕೊಂಡರು. ಡಮಾಸ್ಕಸ್ಸಿನ ಭಾಷಾ ಶಿಕ್ಷಕರು ಮನೆಯನ್ನೇ ಕಳೆದುಕೊಂಡರು. ಯೆಮೆನಿನ ಸನಾ ನಗರಕ್ಕೂ ಅದೇ ಗತಿ. ಹಳೆಯ ಗೋಪುರಮನೆಗಳ ಆ ಊರಿನ ಆಡುಮಾತು ಫುಸ್‌ಹಾಕ್ಕೆ ಹತ್ತಿರವೆಂದು ಹೇಳುತ್ತಿದ್ದರು. ಈಜಿಪ್ಟಿನ ಕ್ರಾಂತಿಯ ದಿನಗಳಲ್ಲಿ ಅಲೆಕ್ಸಾಂಡ್ರಿಯದಿಂದ ಹೊರಬಿದ್ದ ಅಮೆರಿಕದ ಮಿಡಲ್‌ಬರಿ ಕಾಲೇಜಿನ ಕಾರ್ಯಕ್ರಮ ಅಮ್ಮಾನಿಗೆ ಸರಿಯಿತು.

ಹೀಗೆ ಅಮ್ಮಾನ್ ಎಲ್ಲರ ಆಶ್ರಯವಾಯಿತು. ಜೋರ್ಡಾನ್ ವಿಶ್ವವಿದ್ಯಾಲಯದ ಭಾಷಾ ಕೇಂದ್ರ, ಕಾಸಿದ್ ಸಂಸ್ಥೆ ಅಲ್ಲಿನ ಮುಖ್ಯ ಶಾಲೆಗಳು. ಜೀವನವೆಚ್ಚ ಹೆಚ್ಚು. ಇಂಗ್ಲಿಷ್ ಬಲ್ಲವರೂ ಹೆಚ್ಚು. ಆದ್ದರಿಂದ ಉತ್ತರದ ಇರ್ಬಿದ್‌ನಲ್ಲಿರುವ ಯರ್ಮೂಕ್ ವಿಶ್ವವಿದ್ಯಾಲಯವನ್ನು ಆರಿಸುವವರು ಜಾಣರು. ಮೊರಾಕೊದ ಫೆಸ್‌ನಲ್ಲಿ 1983ರಿಂದ ನಡೆಯುತ್ತಿರುವ ಸಂಸ್ಥೆ ವಿದ್ಯಾರ್ಥಿಗಳನ್ನು ಸ್ಥಳೀಯ ಕುಟುಂಬಗಳ ಜೊತೆ ಇರಿಸುತ್ತದೆ. ಮೊರಾಕೊದ ದಾರಿಜಾ ಮಾತು ಪೂರ್ವದ ಅರಬರಿಗೇ ಕಷ್ಟ, ಅಂಗಡಿಯವರು ಪರದೇಶಿಯನ್ನು ಕಂಡರೆ ಫ್ರೆಂಚಿಗೆ ಹೊರಳುತ್ತಾರೆ. ಕೈರೋದ ಲಾಭ ಬೇರೆ. ಈಜಿಪ್ಟಿನ ಸಿನಿಮಾ ಮತ್ತು ಹಾಡುಗಳ ದೆಸೆಯಿಂದ ಅಲ್ಲಿನ ಮಾತು ಬಾಗ್ದಾದಿನಿಂದ ಕಾಸಾಬ್ಲಾಂಕಾದವರೆಗೂ ಅರ್ಥವಾಗುತ್ತದೆ. ಕಾಫಿಮನೆಯಲ್ಲಿ ಕುಳಿತ ಯಾರೊಂದಿಗೂ ಮಾತಿಗಿಳಿಯಬಹುದಾದ ಊರು ಅದು. ಒಂದೇ ಊರು ಆರಿಸಬೇಕಾದ ಹೊಸಬರಿಗೆ ಈ ಲೇಖಕನ ಆಯ್ಕೆ ಕೈರೋ. ಒಮಾನಿನ ಮನಹ್ ಎಂಬ ಸಣ್ಣ ಊರಲ್ಲಿ ಸುಲ್ತಾನ್ ಕಾಬೂಸ್ ಹೆಸರಿನ ಅರಬ್ಬಿ ಕಾಲೇಜಿದೆ. ಪ್ಯಾಲೆಸ್ತೀನಿನ ಬೀರ್‌ಜೇತ್ ವಿಶ್ವವಿದ್ಯಾಲಯವೂ ವಿದೇಶಿಯರಿಗೆ ಕಲಿಸುತ್ತ ಬಂದಿದೆ. ಬೀರ್‌ಜೇತ್‌ಗೆ ಹೋಗುವ ದಾರಿ ಇಸ್ರೇಲಿನ ಗಡಿ ತಪಾಸಣೆಯ ಮೂಲಕ.

ದುಬೈ, ಅಬುಧಾಬಿಗಳು ಭಾರತೀಯರಿಗೆ ಸಮೀಪವೆನಿಸಿದರೂ ಕಲಿಕೆಗೆ ತಕ್ಕವಲ್ಲ. ಅಲ್ಲಿನ ಅಂಗಡಿ, ಟ್ಯಾಕ್ಸಿ, ಕಚೇರಿಗಳು ಹಿಂದಿ, ಮಲಯಾಳ, ಇಂಗ್ಲಿಷುಗಳಲ್ಲಿ ನಡೆಯುತ್ತವೆ. ವರ್ಷಗಟ್ಟಲೆ ದುಡಿದು ಬಂದ ಕರಾವಳಿಯ ಎಷ್ಟೋ ಮಂದಿಗೆ ಕೆಲಸಕ್ಕೆ ಬೇಕಾದಷ್ಟು ಅರಬ್ಬಿ ಮಾತ್ರ ಬರುವುದು ಈ ಕಾರಣಕ್ಕೇ ಹೊರತು ಅವರ ಜಾಣ್ಮೆಯ ಕೊರತೆಯಿಂದಲ್ಲ.

ಮದೀನಾದ ದಾರಿ

ಸೌದಿ ಅರೇಬಿಯಾದ ಮದೀನಾದಲ್ಲಿ 1961ರಲ್ಲಿ ಸ್ಥಾಪನೆಯಾದ ಇಸ್ಲಾಮಿಕ್ ವಿಶ್ವವಿದ್ಯಾಲಯ ಮುಖ್ಯವಾಗಿ ವಿದೇಶಿ ಮುಸ್ಲಿಂ ಯುವಕರಿಗಾಗಿ ಹುಟ್ಟಿದ್ದು. ವಸತಿ, ಮಾಸಿಕ ವೇತನ, ವಿಮಾನದ ಟಿಕೆಟ್ ಕೊಡುತ್ತದೆ. ಅರಬ್ಬಿ ಬಾರದವರು ಮೊದಲು ಅದರ ಭಾಷಾ ಸಂಸ್ಥೆಯಲ್ಲಿ ಕಲಿಯಬೇಕು. ಮಹಿಳೆಯರಿಗೆ ರಿಯಾದಿನ ರಾಜಕುಮಾರಿ ನೂರಾ ವಿಶ್ವವಿದ್ಯಾಲಯದಲ್ಲಿ ಅರಬ್ಬಿ ಸಂಸ್ಥೆಯಿದೆ. ಮದೀನಾದ ಭಾಷಾಪಾಠ ಜಗತ್ತಿಗೆ ಕೊಟ್ಟ ದೊಡ್ಡ ಕೊಡುಗೆ ಒಬ್ಬ ದಕ್ಷಿಣ ಭಾರತೀಯರದು. ತಮಿಳುನಾಡಿನ ವಾಣಿಯಂಬಾಡಿಯ ವಿ. ಅಬ್ದುರ್ ರಹೀಮ್ ಅಲ್ಲಿ ದೀರ್ಘಕಾಲ ಕಲಿಸಿ, ಅರಬ್ಬಿ ತಾಯಿನುಡಿಯಲ್ಲದವರಿಗಾಗಿ ಮೂರು ಭಾಗಗಳ ಪಾಠಮಾಲೆ ಬರೆದರು. ‘ಮದೀನಾ ಪುಸ್ತಕಗಳು’ ಎಂದೇ ಪ್ರಸಿದ್ಧವಾದ ಅವನ್ನು ಇಂದು ಲಂಡನ್ನಿನ ಮಸೀದಿಗಳಿಂದ ಹಿಡಿದು ಬೆಂಗಳೂರಿನ ಸಂಜೆ ತರಗತಿಗಳವರೆಗೆ ಓದುತ್ತಾರೆ. ‘ಇದು ಮನೆ, ಇದು ಮಸೀದಿ’ ಎಂಬ ಸರಳ ವಾಕ್ಯಗಳಿಂದ ಶುರುವಾಗಿ, ನಿಯಮವನ್ನು ಹೇಳದೆಯೇ ವ್ಯಾಕರಣವನ್ನು ಮನದಟ್ಟು ಮಾಡುವ ಕ್ರಮ ಅವುಗಳದು. ತಾನೇ ಹೊರಗಿನಿಂದ ಆ ಭಾಷೆಯನ್ನು ಪ್ರವೇಶಿಸಿದ ಶಿಕ್ಷಕನಿಗೆ ಮಾತ್ರ ಸಾಧ್ಯವಾಗುವ ಕೆಲಸ.

ಪಾಠ ಮತ್ತು ಪುಸ್ತಕ

ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ಇಂಗ್ಲಿಷ್ ಮಾತಾಡುವವರಿಗೆ ಅರಬ್ಬಿಯಲ್ಲಿ ವೃತ್ತಿಮಟ್ಟದ ಹಿಡಿತ ಬರಲು 88 ವಾರ, ಅಂದರೆ 2,200 ತರಗತಿ ಗಂಟೆ ಬೇಕೆಂದು ಲೆಕ್ಕಹಾಕಿದೆ. ಚೀನೀ, ಜಪಾನಿ, ಕೊರಿಯನ್ ಅದೇ ಸಾಲಿನವು. ಅರಬ್ ನಗರದ ಶಾಲೆಯಲ್ಲಿ ವಾರಕ್ಕೆ ಸುಮಾರು 20 ಗಂಟೆ ಪಾಠ ವಾಡಿಕೆ. ಶುಕ್ರವಾರ, ಶನಿವಾರ ಬಹುತೇಕ ಕಡೆ ರಜೆ. ಮೊದಲ ಕಷ್ಟ ಧ್ವನಿಗಳದು, ಅದರಲ್ಲೂ ‘ಐನ್’ ಮತ್ತು ‘ಹಾ’ ಎಂಬ ಗಂಟಲ ಧ್ವನಿಗಳದು. ಎರಡನೆಯದು ಲಿಪಿಯದು. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಮುದ್ರಿಸುವುದಿಲ್ಲವಾದ್ದರಿಂದ ವ್ಯಾಕರಣ ತಿಳಿಯದೆ ಗಟ್ಟಿಯಾಗಿ ಓದಲಾಗದು. ಮೂರು ವ್ಯಂಜನಗಳ ಧಾತುವಿನಿಂದ ಪದಗಳು ಹೊರಡುತ್ತವೆ. ಕ-ತ-ಬ ಎಂಬುದರಿಂದ ಕಿತಾಬ್, ಬರೆಯುವವನಾದ ಕಾತಿಬ್, ಕಚೇರಿಯಾದ ಮಕ್ತಬ್, ಗ್ರಂಥಾಲಯವಾದ ಮಕ್ತಬಾ ಬರುತ್ತವೆ. ಹಾನ್ಸ್ ವೇರ್ ಅವರ ನಿಘಂಟಿನಲ್ಲಿ, ಜರ್ಮನ್ 1952ರದು, ಇಂಗ್ಲಿಷ್ 1961ರದು, ಪದಗಳು ಧಾತುವಿನ ಕ್ರಮದಲ್ಲಿರುವುದರಿಂದ ಪದದ ಹುಟ್ಟು ಗೊತ್ತಿಲ್ಲದವರಿಗೆ ಅದು ಸಿಗುವುದೇ ಇಲ್ಲ. ಈ ನಿಘಂಟನ್ನು ತಡಕಾಡುತ್ತ ಕಳೆದ ಸಂಜೆಗಳೇ ನಿಜವಾದ ವ್ಯಾಕರಣ ಪಾಠ.

ಆಡುಮಾತನ್ನು ಯಾವಾಗ ಕಲಿಸಬೇಕು ಎಂಬುದು ಶಿಕ್ಷಕರ ನಡುವಿನ ಹಳೆಯ ಜಗಳ. ಬಹುಕಾಲ ವಿಶ್ವವಿದ್ಯಾಲಯಗಳು ಫುಸ್‌ಹಾ ಒಂದನ್ನೇ ಕಲಿಸಿ, ಉಳಿದದ್ದನ್ನು ಅಲ್ಲಿ ಹೋಗಿ ಕಲಿಯಿರಿ ಎಂದವು. ಕಾರ್ನೆಲ್‌ನ ಮುಂತರ್ ಯೂನಿಸ್ 1990ರ ಹೊತ್ತಿಗೇ ಎರಡನ್ನೂ ಮೊದಲ ದಿನದಿಂದ ಜೊತೆಯಲ್ಲಿ ಕಲಿಸಲು ತೊಡಗಿದರು. 1995ರಲ್ಲಿ ಬಂದ ‘ಅಲ್ ಕಿತಾಬ್’ ಪಠ್ಯಮಾಲೆಯೂ ಮುಂದಿನ ಆವೃತ್ತಿಗಳಲ್ಲಿ ಈಜಿಪ್ಟ್ ಮತ್ತು ಸಿರಿಯಾ ಕಡೆಯ ಮಾತುಗಳಿಗೆ ಜಾಗ ಕೊಟ್ಟಿತು. ಅರಬ್ ಶಿಕ್ಷಕರಲ್ಲಿ ಹಲವರಿಗೆ ಇದು ಇಂದಿಗೂ ಒಪ್ಪಿಗೆಯಿಲ್ಲ. ಆಡುಮಾತಿಗೆ ವ್ಯಾಕರಣವೇ ಇಲ್ಲವೆಂದು ಅವರು ನಂಬುತ್ತಾರೆ. ಅದು ನಿಜವಲ್ಲ. ಕಲಿಯುವವರು ಆ ನಂಬಿಕೆಯನ್ನು ವಾದಿಸದೆ ಗೌರವಿಸಿ, ಸಂಜೆ ಬೀದಿಗಿಳಿದು ತಮ್ಮ ಕೆಲಸ ಮಾಡಿಕೊಳ್ಳುವುದೇ ಸರಿ.

ಮಹಿಳೆಯರ ಅನುಭವ ಬೇರೆಯೇ. ಬೀದಿಯ ಕಿರುಕುಳ ಕೈರೋದಂಥ ನಗರಗಳಲ್ಲಿ ನಿಜವಾದ ತೊಂದರೆ. ಕಾಫಿಮನೆಯ ಬಾಗಿಲು ಅವರಿಗೆ ಪೂರ್ತಿ ತೆರೆದಿರುವುದಿಲ್ಲ. ಆದರೆ ಕುಟುಂಬದೊಡನೆ ಇರುವ ವಿದ್ಯಾರ್ಥಿನಿಗೆ ಅಡುಗೆಮನೆಯ ಮತ್ತು ಮದುವೆಮನೆಯ ಮಾತು ಸಿಗುತ್ತದೆ. ಗಂಡಸರಿಗೆ ಆ ಲೋಕಕ್ಕೆ ಪ್ರವೇಶವಿಲ್ಲ.

ಅಪಾಯ

ಕೇಂಬ್ರಿಜ್ ವಿಶ್ವವಿದ್ಯಾಲಯದ ಇಟಲಿಯ ಸಂಶೋಧನಾ ವಿದ್ಯಾರ್ಥಿ ಜೂಲಿಯೊ ರೆಜೇನಿ 2016ರ ಜನವರಿ 25ರಂದು ಕೈರೋದಲ್ಲಿ ಕಾಣೆಯಾದರು. ಫೆಬ್ರವರಿ 3ರಂದು ಚಿತ್ರಹಿಂಸೆಯ ಗುರುತುಗಳಿದ್ದ ಅವರ ದೇಹ ಸಿಕ್ಕಿತು. ಸ್ವತಂತ್ರ ಕಾರ್ಮಿಕ ಸಂಘಗಳ ಬಗ್ಗೆ ಅವರು ಅಧ್ಯಯನ ಮಾಡುತ್ತಿದ್ದರು, ಅರಬ್ಬಿ ಚೆನ್ನಾಗಿ ಬರುತ್ತಿತ್ತು. ಈಜಿಪ್ಟಿನ ನಾಲ್ವರು ಭದ್ರತಾ ಅಧಿಕಾರಿಗಳ ಮೇಲೆ ಇಟಲಿಯ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಲಾಯಿತು. 2018ರಲ್ಲಿ ಡರ್ಹಾಮ್ ವಿಶ್ವವಿದ್ಯಾಲಯದ ಸಂಶೋಧಕ ಮ್ಯಾಥ್ಯೂ ಹೆಜಸ್‌ಗೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗೂಢಚರ್ಯೆಯ ಆರೋಪದ ಮೇಲೆ ಜೀವಾವಧಿ ಶಿಕ್ಷೆಯಾಗಿ, ಕೆಲವೇ ದಿನಗಳಲ್ಲಿ ಕ್ಷಮಾದಾನ ಸಿಕ್ಕಿತು. ಭಾಷೆ ಕಲಿಯುವುದು ಅಪರಾಧವಲ್ಲ. ಆದರೆ ರಾಜಕೀಯ ವಿಷಯದ ಸಂದರ್ಶನ, ಛಾಯಾಚಿತ್ರ, ಪ್ರಶ್ನಾವಳಿಗಳು ಆ ದೇಶಗಳಲ್ಲಿ ಎಷ್ಟು ದುಬಾರಿಯಾಗಬಹುದು ಎಂಬುದನ್ನು ವಿದ್ಯಾರ್ಥಿಗಳನ್ನು ಕಳಿಸುವ ವಿಶ್ವವಿದ್ಯಾಲಯ ಮುಂಚೆಯೇ ತಿಳಿಸಬೇಕು. ಮಾತಿಗೆ ಸಿಕ್ಕ ಸ್ಥಳೀಯರ ಸುರಕ್ಷತೆಯೂ ಅದರ ಹೊಣೆ.

ಭಾರತದಿಂದ ಹೋಗುವವರು

ಭಾರತದಲ್ಲಿ ಅರಬ್ಬಿ ಬೋಧನೆಗೆ ಗಟ್ಟಿ ಪರಂಪರೆಯಿದೆ. ಆಲಿಗಢ, ಜಾಮಿಯಾ ಮಿಲ್ಲಿಯಾ, ಜೆಎನ್‌ಯು, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಕೇರಳದ ಕಲ್ಲಿಕೋಟೆ ವಿಶ್ವವಿದ್ಯಾಲಯಗಳಲ್ಲಿ ಪದವಿ ಓದಬಹುದು. ಕೇರಳದ ಶಾಲೆಗಳಲ್ಲೇ ಅರಬ್ಬಿ ಒಂದು ಪಠ್ಯಭಾಷೆ. ಲಖನೌದ ನದ್ವಾ ಮದರಸಾದ ಹಾದಿಯಲ್ಲಿ ಭಟ್ಕಳದಲ್ಲಿ 1962ರಿಂದ ಜಾಮಿಯಾ ಇಸ್ಲಾಮಿಯಾ ನಡೆಯುತ್ತಿದೆ. ಮದರಸಾದಲ್ಲಿ ಓದಿದವರ ವ್ಯಾಕರಣ ಪಾಶ್ಚಾತ್ಯ ಸಹಪಾಠಿಗಳದಕ್ಕಿಂತ ಎಷ್ಟೋ ಆಳ, ಆದರೆ ಮಾತಿನ ರೂಢಿ ಕಡಿಮೆ. ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲೂ ಮಾತಿನ ಕೊರತೆ ಇದೇ. ಆದ್ದರಿಂದ ಇಬ್ಬರಿಗೂ ಒಂದು ವರ್ಷದ ವಾಸ ಹೆಚ್ಚು ಫಲ ಕೊಡುತ್ತದೆ. ಕನ್ನಡಿಗರಿಗೆ ತಾಲ್ಲೂಕು, ಜಿಲ್ಲೆ, ಇಲಾಖೆ, ಕಾಯಿದೆ, ವಕೀಲ, ದಾಖಲೆಗಳ ಮೂಲಕ ಹಲವು ಅರಬ್ಬಿ ಪದಗಳು ಮೊದಲೇ ಪರಿಚಿತ. ಪಾರ್ಸಿಯನ್ನು ದಾಟಿ ಬಂದ ಅವುಗಳ ಅರ್ಥ ಅಲ್ಲಿ ಹಾಗೆಯೇ ಇರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ಕೊರತೆಯಿರುವುದು ವ್ಯವಸ್ಥೆಯಲ್ಲಿ. ಯುರೋಪಿನ ಹಲವು ವಿಶ್ವವಿದ್ಯಾಲಯಗಳ ಅರಬ್ಬಿ ಪದವಿಯಲ್ಲಿ ಒಂದು ವರ್ಷ ಅರಬ್ ನಾಡಿನಲ್ಲಿ ಕಳೆಯುವುದು ಪಠ್ಯಕ್ರಮದ ಭಾಗ. ನಮ್ಮಲ್ಲಿ ಅದು ವಿದ್ಯಾರ್ಥಿಯ ಸ್ವಂತ ಸಾಹಸ, ಇಲ್ಲವೇ ಅತಿಥೇಯ ದೇಶದ ವಿದ್ಯಾರ್ಥಿವೇತನದ ಕೃಪೆ. ಭಾಷಾಂತರ, ರಾಜತಾಂತ್ರಿಕ ಸೇವೆ, ಆಸ್ಪತ್ರೆಗಳಿಗೆ ಬರುವ ಅರಬ್ ರೋಗಿಗಳ ನೆರವು, ಹಸ್ತಪ್ರತಿ ಅಧ್ಯಯನ ಇಷ್ಟಕ್ಕೂ ಜನ ಬೇಕಾಗಿರುವ ದೇಶದಲ್ಲಿ ಇದು ಸರಿಯಲ್ಲ.

ಹೋಗಲು ಮನಸ್ಸು ಮಾಡಿದವರು ಫುಸ್‌ಹಾದಲ್ಲಿ ಎರಡು ವರ್ಷದ ಅಡಿಪಾಯ ಹಾಕಿಕೊಂಡು ಹೊರಡಬೇಕು. ಒಂದೇ ಊರು, ಒಂದೇ ಆಡುಮಾತು ಹಿಡಿದು ಕನಿಷ್ಠ ಒಂಬತ್ತು ತಿಂಗಳು ನಿಲ್ಲಬೇಕು. ಸಹಭಾರತೀಯರ ಕೋಣೆ ಬಿಟ್ಟು ಸ್ಥಳೀಯರ ಮನೆಯಲ್ಲಿ ಜಾಗ ಹುಡುಕಬೇಕು. ಪದವಿಗೆಂದೇ ಹೋಗುವುದಾದರೆ ಆ ಪದವಿಗೆ ಭಾರತದಲ್ಲಿ ಸಮಾನ ಮಾನ್ಯತೆ ಇದೆಯೇ ಎಂಬುದನ್ನು ಪ್ರವೇಶಕ್ಕೆ ಮೊದಲೇ ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು.